ಮೊದಲು ಗಾಜು, ಆಮೇಲೆ ಪೆಟ್ಟಿಗೆ: ಮನೆಮಂದಿಯ ಫೋಟೋ ತೆಗೆಯುವವರಿಗೆ ಕೆಲವು ಮಾತು

ಯುಗಾದಿಯಾಗಲಿ, ಗಣೇಶನ ಹಬ್ಬವಾಗಲಿ, ರಾಜ್ಯೋತ್ಸವವಾಗಲಿ, ನಮ್ಮ ಸಂಘದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ, ಹೊಸದಾಗಿ ಕ್ಯಾಮರಾ ಕೊಂಡ ಸದಸ್ಯರು ಯಾರಾದರೊಬ್ಬರು ಹತ್ತಿರ ಬಂದು ಕೇಳುವ ಪ್ರಶ್ನೆ ಒಂದೇ: “ಕ್ಯಾಮರಾ ಏನೋ ತೊಗೊಂಡ್ವಿ. ಹೊರಗಡೆ ಚೆನ್ನಾಗಿ ಬರುತ್ತೆ. ಮನೆಯೊಳಗೆ ತೆಗೆದದ್ದು ಒಂದೂ ಸರಿಯಾಗಿ ಬರ್ತಾ ಇಲ್ಲ. ಇದಕ್ಕಿಂತ ದೊಡ್ಡ ಕ್ಯಾಮರಾ ತೊಗೋಬೇಕಾ?”

ಬೇಡ ಎಂಬುದೇ ನಮ್ಮ ಉತ್ತರ. ಆದರೆ ಸಾಲಿನಲ್ಲಿ ನಿಂತು ಅದರ ಕಾರಣವನ್ನೆಲ್ಲ ವಿವರಿಸುವಷ್ಟರಲ್ಲಿ ಬಿಸಿಬೇಳೆ ಭಾತು ಆರಿ ಹೋಗುತ್ತದೆ. ಆದ್ದರಿಂದ ಇಲ್ಲಿ ಸಾವಕಾಶವಾಗಿ ಬರೆದಿದ್ದೇವೆ.

ನಾವು ತೆಗೆಯುವ ಫೋಟೋಗಳಲ್ಲಿ ಮುಖ್ಯವಾದವು ಯಾವುವು ಎಂದು ಮೊದಲು ಯೋಚಿಸೋಣ. ನಯಾಗರಾ ಜಲಪಾತ ಅಲ್ಲೇ ಇರುತ್ತದೆ, ಮುಂದಿನ ವರ್ಷವೂ ಹೋಗಿ ತೆಗೆಯಬಹುದು. ಆದರೆ ಊರಿನಿಂದ ಬರುವ ಅಪ್ಪ ಅಮ್ಮ, ಅತ್ತೆ ಮಾವ ಇಲ್ಲಿ ಇರುವುದು ಸಾಮಾನ್ಯವಾಗಿ ಆರು ತಿಂಗಳ ಒಳಗೆ. ಆ ಅವಧಿಯಲ್ಲಿ ಮೊಮ್ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೈತುತ್ತು ಹಾಕುವುದು, ದೇವರ ಮುಂದೆ ದೀಪ ಹಚ್ಚುವುದು, ರಾತ್ರಿ ಊಟವಾದ ಮೇಲೆ ಕಥೆ ಹೇಳುವುದು, ಇವೆಲ್ಲ ನಡೆಯುವುದು ಮನೆಯೊಳಗೆ, ಸಂಜೆಯ ಮೇಲೆ, ಒಂದೆರಡು ದೀಪದ ಬೆಳಕಿನಲ್ಲಿ. ಫೋಟೋ ಹಾಳಾಗುವುದೂ ಅಲ್ಲಿಯೇ. ಮಸುಕಾಗಿದೆ ಎಂದು ತಿಳಿದು ಇನ್ನೊಮ್ಮೆ ತೆಗೆಯೋಣವೆನ್ನುವ ಹೊತ್ತಿಗೆ ಅಜ್ಜಿ ಬೆಂಗಳೂರಿನ ವಿಮಾನ ಹತ್ತಿ ಆಗಿರುತ್ತದೆ. ಕೈಯಲ್ಲಿರುವ ದುಡ್ಡನ್ನು ಯಾವ ಕ್ರಮದಲ್ಲಿ ಖರ್ಚು ಮಾಡಬೇಕೆಂಬ ಪ್ರಶ್ನೆಗೆ ಇಷ್ಟು ಮಹತ್ವ ಬಂದಿರುವುದು ಇದಕ್ಕಾಗಿ.

ಫೋನಿನಲ್ಲೇ ಒಳ್ಳೆಯ ಫೋಟೋ ಬರುವಾಗ ಕ್ಯಾಮರಾ ಏಕೆ ಎಂದು ಕೇಳುವವರಿದ್ದಾರೆ. ಹಗಲು ಬೆಳಕಿನಲ್ಲಿ ಅವರ ಮಾತು ನಿಜ. ಕತ್ತಲಲ್ಲೂ ಇಂದಿನ ಫೋನುಗಳು ಹಲವು ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ ಚೆನ್ನಾಗಿಯೇ ತೋರಿಸುತ್ತವೆ. ಆದರೆ ಆ ಜೋಡಣೆಗೆ ಎದುರಿನವರು ಕದಲದೆ ಇರಬೇಕು. ಮೂರು ವರ್ಷದ ಮಗುವಿಗೆ ಅದನ್ನು ಹೇಳಿ ನೋಡಿ! ಫೋನೇ ಸಾಕೆನ್ನುವವರು ಸುಖಿಗಳು. ಅವರು ಈ ಲೇಖನದ ಕೊನೆಯ ಭಾಗವನ್ನು ಮಾತ್ರ ಓದಿದರೂ ಸಾಕು. ಕ್ಯಾಮರಾ ಕೊಂಡಾಗಿದೆ, ಮುಂದೇನು ಎನ್ನುವವರಿಗಾಗಿ ಉಳಿದದ್ದು.

ಸಂಜೆಯ ದೀಪದ ಲೆಕ್ಕ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ಇಲ್ಲಿ ನೆಲ ನಿಜವಾಗಿಯೂ ಕೊಂಚ ಡೊಂಕೇ. ಕ್ಯಾಮರಾದ ಜೊತೆಗೇ ಪೆಟ್ಟಿಗೆಯಲ್ಲಿ ಬರುವ ಲೆನ್ಸಿನ ಮುಂಭಾಗವನ್ನು ನೋಡಿ. ಸಾಮಾನ್ಯವಾಗಿ “18–55” ಎಂದೂ “1:3.5–5.6” ಎಂದೂ ಬರೆದಿರುತ್ತದೆ. ಮೊದಲನೆಯದು ಎಷ್ಟು ಅಗಲ, ಎಷ್ಟು ಹತ್ತಿರ ಕಾಣಿಸುತ್ತದೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಎರಡನೆಯದು ಲೆನ್ಸಿನ ಕಿಟಕಿ ಎಷ್ಟು ಅಗಲ ತೆರೆಯಬಲ್ಲುದು ಎಂಬುದರ ಲೆಕ್ಕ. ಇದಕ್ಕೆ ಎಫ್ ಸಂಖ್ಯೆ ಎನ್ನುತ್ತಾರೆ. ಹೊಸಬರನ್ನು ಗೊಂದಲಕ್ಕೆ ಈಡುಮಾಡುವ ಸಂಗತಿಯೆಂದರೆ, ಈ ಸಂಖ್ಯೆ ಚಿಕ್ಕದಾದಷ್ಟೂ ಕಿಟಕಿ ದೊಡ್ಡದು.

1.4, 2, 2.8, 4, 5.6, 8 ಎಂಬುದು ಇದರ ಮೆಟ್ಟಿಲು. ಒಂದೊಂದು ಮೆಟ್ಟಿಲು ಮುಂದೆ ಹೋದಾಗಲೂ ಒಳಗೆ ಬರುವ ಬೆಳಕು ಅರ್ಧವಾಗುತ್ತದೆ. ಜೊತೆಗೆ ಬಂದ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದು ಎಫ್ 5.6ಕ್ಕಿಂತ ಅಗಲ ತೆರೆಯಲಾರದು. ಎಫ್ 1.8 ಎಂದು ಬರೆದಿರುವ ಲೆನ್ಸಿನಲ್ಲಿ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬರುತ್ತದೆ.

ಇದರ ಪರಿಣಾಮವನ್ನು ನಮ್ಮ ನಡುಮನೆಯಲ್ಲೇ ನೋಡೋಣ. ಸಂಜೆ ಒಂದೆರಡು ದೀಪ ಹಚ್ಚಿದ ಕೋಣೆ. ಕ್ಯಾಮರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐ.ಎಸ್.ಓ., 1600 ಇಟ್ಟಿದ್ದೇವೆ ಎನ್ನಿ. ಎಫ್ 5.6ರಲ್ಲಿ ಷಟರು ಸುಮಾರು 1/15 ಸೆಕೆಂಡು ತೆರೆದಿರಬೇಕಾಗುತ್ತದೆ. ಅಷ್ಟು ಹೊತ್ತಿನಲ್ಲಿ ಮಗು ತಲೆ ತಿರುಗಿಸಿರುತ್ತದೆ, ಅಜ್ಜಿಯ ಕೈಯ ತುತ್ತು ಬಾಯಿ ಮುಟ್ಟಿರುತ್ತದೆ, ಎರಡೂ ಮಸುಕು. ಅದೇ ಕೋಣೆಯಲ್ಲಿ ಎಫ್ 1.8ಕ್ಕೆ 1/125 ಸೆಕೆಂಡು ಧಾರಾಳವಾಗಿ ಸಿಗುತ್ತದೆ. ಮನೆಯೊಳಗಿನ ಸಾಮಾನ್ಯ ಓಡಾಟಕ್ಕೆ ಅಷ್ಟು ಸಾಕು.

ಅಂಗಡಿಯವರು ಇಲ್ಲಿ ಒಂದು ಮಾತು ಸೇರಿಸುತ್ತಾರೆ: “ಈ ಲೆನ್ಸಿನಲ್ಲಿ ಅಲುಗಾಟ ತಡೆಯುವ ವ್ಯವಸ್ಥೆ ಇದೆಯಲ್ಲ!” ಇದೆ, ಒಳ್ಳೆಯದೇ. ಅದು ತಡೆಯುವುದು ನಮ್ಮ ಕೈಯ ಅಲುಗಾಟವನ್ನು. ಓಡುವ ಮಗುವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ.

ಹೀಗಾಗಿ ಕ್ಯಾಮರಾ ಕೊಂಡ ಮೇಲೆ ಮೊದಲ ಖರ್ಚು ಎಫ್ 1.8ರ ಒಂದು ಲೆನ್ಸ್. ಇದರಲ್ಲಿ ಜೂಮ್ ಇರುವುದಿಲ್ಲ. ಹತ್ತಿರ ಬೇಕಾದರೆ ನಾವೇ ನಾಲ್ಕು ಹೆಜ್ಜೆ ಇಡಬೇಕು. ಸಂತೋಷದ ಸಂಗತಿಯೆಂದರೆ, ಕಂಪನಿಗಳು ಮಾರುವ ಲೆನ್ಸುಗಳಲ್ಲಿ ಅತಿ ಅಗ್ಗವಾದವುಗಳ ಸಾಲಿಗೆ ಇದೂ ಸೇರಿದೆ. ಕ್ಯಾನನ್‌ನವರ 50 ಮಿ.ಮೀ. ಎಫ್ 1.8 ಎಸ್.ಟಿ.ಎಂ. 2015ರಲ್ಲಿ ಅಮೆರಿಕದಲ್ಲಿ ಹೊರಬಂದಾಗ 125 ಡಾಲರ್ ಇತ್ತು, ತೂಕ 160 ಗ್ರಾಂ. ಅವರ ಹೊಸ ಕನ್ನಡಿರಹಿತ ಕ್ಯಾಮರಾಗಳಿಗೆ 2020ರಲ್ಲಿ ಬಂದ ಅದೇ ಬಗೆಯ ಆರ್.ಎಫ್. ಲೆನ್ಸಿಗೆ ಆಗ 199 ಡಾಲರ್. ನಿಕಾನ್‌ನವರ 35 ಮಿ.ಮೀ. ಎಫ್ 1.8 ಜಿ ಡಿ.ಎಕ್ಸ್. 2009ರಲ್ಲಿ ಬಂದದ್ದು; ಬಂದಾಗ ಬೆಲೆ ಸುಮಾರು 200 ಡಾಲರ್. ಸೋನಿ, ಫ್ಯೂಜಿ ಮೊದಲಾದವರಲ್ಲೂ ಇದೇ ಜಾತಿಯ ಲೆನ್ಸುಗಳಿವೆ.

ಮೂವತ್ತೈದೋ, ಐವತ್ತೋ?

ಆರಂಭದ ಬೆಲೆಯ ಕ್ಯಾಮರಾಗಳಲ್ಲಿ ಹೆಚ್ಚಿನವುಗಳ ಒಳಗಿನ ಸಂವೇದಕ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು. ಆದ್ದರಿಂದ ನಿಕಾನ್, ಸೋನಿ, ಫ್ಯೂಜಿಗಳಲ್ಲಿ ಲೆನ್ಸಿನ ಅಂಕಿಯನ್ನು 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ ನೋಡಬೇಕು. 50ರ ಲೆನ್ಸು ಇಂಥ ಕ್ಯಾಮರಾದಲ್ಲಿ 75–80ರಂತೆ ವರ್ತಿಸುತ್ತದೆ. ಒಬ್ಬರ ಮುಖಕ್ಕೆ ಬಹಳ ಸೊಗಸು. ಆದರೆ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಒಟ್ಟಿಗೆ ಹಿಡಿಯಲು ಹಿಂದೆ ಸರಿಯುತ್ತ ಹೋದರೆ ಬೆನ್ನು ಗೋಡೆಗೆ ತಾಗುತ್ತದೆ. ಅಂಥ ಮನೆಗೆ 35 ಹೆಚ್ಚು ಅನುಕೂಲ.

ಯಾವುದು ನಮಗೆ ಎಂಬುದನ್ನು ಒಂದು ಕಾಸೂ ಖರ್ಚಿಲ್ಲದೆ ತಿಳಿಯಬಹುದು. ಈಗಿರುವ 18–55ರ ಲೆನ್ಸನ್ನು ಒಂದು ಸಂಜೆ ಪೂರ್ತಿ 35ಕ್ಕೆ ಇಟ್ಟು ತಿರುಗಿಸದೆ ಫೋಟೋ ತೆಗೆಯಿರಿ. ಮರುದಿನ 50ಕ್ಕೆ ಇಟ್ಟು ತೆಗೆಯಿರಿ. ಯಾವ ದಿನ ಪರದಾಟ ಕಡಿಮೆಯೋ ಆ ಲೆನ್ಸು ನಿಮ್ಮದು. ಇಡೀ ವರ್ಷದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು ಪ್ರತಿಯೊಂದರ ವಿವರದಲ್ಲಿ ದಾಖಲಾಗಿರುವ ಮಿಲಿಮೀಟರ್ ಅಂಕಿಯನ್ನೂ ನೋಡಬಹುದು. ನಿಮ್ಮ ಕೈ ಎತ್ತ ವಾಲುತ್ತದೆಂದು ಅದೇ ಹೇಳುತ್ತದೆ.

ಜಾತಕ ಕೂಡಬೇಕು

ಎಲ್ಲ ಲೆನ್ಸೂ ಎಲ್ಲ ಕ್ಯಾಮರಾಕ್ಕೆ ಕೂರುವುದಿಲ್ಲ. ಕ್ಯಾನನ್‌ನ ಇ.ಎಫ್. ಜೋಡಣೆ 1987ರಿಂದ ಬಂದದ್ದು. ಆ ಲೆನ್ಸುಗಳು 2018ರಲ್ಲಿ ಆರಂಭವಾದ ಆರ್ ಕ್ಯಾಮರಾಗಳಿಗೆ ಒಂದು ಅಡಾಪ್ಟರ್ ಮೂಲಕ ಚೆನ್ನಾಗಿ ಹೊಂದಿಕೊಳ್ಳುತ್ತವೆ. ಆದರೆ ಹೊಸ ಆರ್.ಎಫ್. ಲೆನ್ಸು ಹಳೆಯ ಕ್ಯಾಮರಾಕ್ಕೆ ಕೂರದು. ನಿಕಾನ್‌ನವರ ಎಫ್ ಜೋಡಣೆ 1959ರದು, ಇನ್ನೂ ಹಳೆಯದು. ಅಲ್ಲಿ ಬೇರೆಯೇ ಒಂದು ತೊಡಕಿದೆ. 2006ರ ಡಿ 40ರಿಂದ ಹಿಡಿದು ಡಿ 3000, ಡಿ 5000 ಸಾಲಿನ ಕ್ಯಾಮರಾಗಳೊಳಗೆ ಫೋಕಸ್ ಮಾಡುವ ಮೋಟರ್ ಇಲ್ಲ. ಲೆನ್ಸಿನಲ್ಲೇ ಮೋಟರ್ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು “ಎ.ಎಫ್. … ಡಿ” ಎಂಬ ಹಳೆಯ ಲೆನ್ಸನ್ನು ತಂದರೆ ಪ್ರತಿ ಸಲವೂ ಕೈಯಿಂದ ತಿರುಗಿಸಬೇಕಾಗುತ್ತದೆ. “ಎ.ಎಫ್.–ಎಸ್.” ಎಂದಿದೆಯೇ ಎಂದು ನೋಡಿ ಕೊಳ್ಳುವುದು ಕ್ಷೇಮ.

ಒಬ್ಬರು ಬಳಸಿದ ಲೆನ್ಸನ್ನು ಕೊಳ್ಳುವುದರಲ್ಲಿ ಸಂಕೋಚ ಬೇಡ. ಗಾಜಿಗೆ ಬೇಗ ವಯಸ್ಸಾಗುವುದಿಲ್ಲ. ನಿಮ್ಮ ಕ್ಯಾಮರಾ ಜೊತೆಗೊಯ್ದು ಹಾಕಿ ನೋಡಿ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿದಾಗ ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಗಳಿಗೆ ಹೆದರಬೇಕಾಗಿಲ್ಲ.

ಮೂರು ಬೆರಳಿನ ಆಳ

ಇಷ್ಟು ಅಗಲ ತೆರೆದ ಕಿಟಕಿಗೆ ಒಂದು ಸುಂಕವೂ ಇದೆ. ಆರಂಭದ ಕ್ಯಾಮರಾದಲ್ಲಿ 50ರ ಲೆನ್ಸನ್ನು ಎಫ್ 1.8ಕ್ಕೆ ಇಟ್ಟು ಒಂದೂವರೆ ಮೀಟರ್ ದೂರದಿಂದ ತೆಗೆದರೆ, ಸ್ಪಷ್ಟವಾಗಿ ಬರುವುದು ಸುಮಾರು 6 ಸೆಂಟಿಮೀಟರ್ ಆಳ ಮಾತ್ರ, ಅಂದರೆ ಮೂರು ಬೆರಳಿನಷ್ಟು. ಅಜ್ಜಿಯ ಕಣ್ಣು ಸ್ಪಷ್ಟವಾದರೆ ಮಡಿಲಿನ ಮಗುವಿನ ಮುಖ ಮಂಜಾಗಬಹುದು.

ಸಿನಿಮಾ ಪ್ರಪಂಚದಲ್ಲಿ ಇದಕ್ಕೊಂದು ಪ್ರಸಿದ್ಧ ಉದಾಹರಣೆ ಇದೆ. 1975ರಲ್ಲಿ ತೆರೆಕಂಡ ಸ್ಟ್ಯಾನ್ಲಿ ಕ್ಯೂಬ್ರಿಕ್ ಅವರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಬರಿಯ ಮೇಣದ ಬತ್ತಿಯ ಬೆಳಕಿನಲ್ಲಿ ತೆಗೆದರು. ಅದಕ್ಕೆ ಬಳಸಿದ್ದು ಅಮೆರಿಕದ ನಾಸಾ ಸಂಸ್ಥೆಗಾಗಿ ಝೈಸ್ ಕಂಪನಿ ತಯಾರಿಸಿದ್ದ ಎಫ್ 0.7ರ 50 ಮಿ.ಮೀ. ಲೆನ್ಸ್. ಫೋಕಸ್ ತಪ್ಪಬಾರದೆಂದು ನಟರು ಹೆಚ್ಚು ಅಲುಗಾಡದೆ ಅಭಿನಯಿಸಬೇಕಾಯಿತು. ನಮ್ಮ ಮನೆಯ ನಟರು ಅಷ್ಟು ವಿಧೇಯರಲ್ಲ. ಆದ್ದರಿಂದ ಒಬ್ಬರೇ ಇದ್ದರೆ 1.8 ಅಥವಾ 2; ಇಬ್ಬರಿದ್ದರೆ ಇಬ್ಬರೂ ಕ್ಯಾಮರಾದಿಂದ ಒಂದೇ ದೂರದಲ್ಲಿರುವಂತೆ ಕೂರಿಸಿ 2.8, ನಾಲ್ಕೈದು ಮಂದಿಗೆ 4 ಅಥವಾ 5.6. ಫೋಕಸ್ ಯಾವಾಗಲೂ ಕ್ಯಾಮರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆ. ಇಷ್ಟನ್ನು ರೂಢಿ ಮಾಡಿಕೊಂಡರೆ ಒಂದು ವಾರದಲ್ಲಿ ಕೈ ಕೂರುತ್ತದೆ.

ಫ್ಲಾಷು, ಮತ್ತು ಪುಕ್ಕಟೆ ಬೆಳಕು

ಕ್ಯಾಮರಾದ ತಲೆಯ ಮೇಲೆ ಚಿಮ್ಮುವ ಪುಟ್ಟ ಫ್ಲಾಷು ನೇರವಾಗಿ ಮುಖಕ್ಕೆ ಹೊಡೆಯುತ್ತದೆ. ರೇಷ್ಮೆ ಸೀರೆಯ ಜರಿ ಬಿಳಿಚಿಕೊಳ್ಳುತ್ತದೆ, ಹಿಂದಿನ ಗೋಡೆಯ ಮೇಲೆ ಕರಿಯ ನೆರಳು ಬೀಳುತ್ತದೆ, ಅಜ್ಜನ ಕನ್ನಡಕದಲ್ಲಿ ಎರಡು ಸೂರ್ಯರು ಮೂಡುತ್ತಾರೆ. ತಲೆಯನ್ನು ಮೇಲಕ್ಕೆ ತಿರುಗಿಸಬಹುದಾದ ಪ್ರತ್ಯೇಕ ಫ್ಲಾಷು ಕೊಂಡು ಬೆಳಕನ್ನು ಬಿಳಿಯ ಚಾವಣಿಗೆ ಹೊಡೆದು ಕೆಳಗಿಳಿಸಿದರೆ ಕೋಣೆಯೆಲ್ಲ ಮೃದುವಾಗಿ ಬೆಳಗುತ್ತದೆ. ಇಲ್ಲಿನ ಮನೆಗಳ ತಗ್ಗು ಚಾವಣಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ನಾಮಕರಣ, ಸತ್ಯನಾರಾಯಣ ಪೂಜೆ ಇಂಥ ಮನೆತುಂಬ ಜನ ಇರುವ ದಿನಗಳಿಗೆ ಇದೇ ಎರಡನೆಯ ಖರ್ಚು.

ಆದರೆ ಎಲ್ಲ ಬೆಳಕಿಗೂ ದುಡ್ಡು ಕೊಡಬೇಕಾಗಿಲ್ಲ. ಮೈಸೂರಿನವರಾದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲನ್ನು ಸೃಷ್ಟಿಸಿದ್ದು ದೊಡ್ಡ ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಕ್ಕೆ ತಿರುಗಿಸಿ. ನಮಗೆ ಅಷ್ಟೂ ಬೇಡ. ಹಗಲಿನಲ್ಲಿ ಅಜ್ಜಿಯ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ಕೋಣೆಯ ದೀಪ ಆರಿಸಿ, ಕತ್ತಲಾದ ಕೆನ್ನೆಯ ಕಡೆ ಯಾರಾದರೂ ಒಂದು ಬಿಳಿ ಪಂಚೆ ಹಿಡಿದು ನಿಂತರೆ ಸಾಕು.

ವೇದಿಕೆಯ ಮೇಲಿನ ಮಗಳು

ಹದಿನೈದನೆಯ ಸಾಲಿನಲ್ಲಿ ಕುಳಿತು ಮಗಳ ಭರತನಾಟ್ಯದ ಫೋಟೋ ತೆಗೆಯುವ ಆಸೆ ಎಲ್ಲರಿಗೂ ಸಹಜ. ಅಲ್ಲಿಂದ ಫ್ಲಾಷು ಹೊಡೆದರೆ ಬೆಳಗುವುದು ಮುಂದಿನ ಸಾಲಿನವರ ತಲೆ ಮಾತ್ರ. ಕುಣಿಯುವ ಮಕ್ಕಳ ಕಣ್ಣಿಗೂ ಅದು ತೊಂದರೆ. ದಯವಿಟ್ಟು ಆರಿಸಿಡಿ. 55–250 ಅಥವಾ 70–300 ಎಂಬ ಸಾಧಾರಣ ಬೆಲೆಯ ದೂರದ ಜೂಮು, ಒಳ್ಳೆಯ ವೇದಿಕೆಯ ಬೆಳಕಿದ್ದರೆ, ಐ.ಎಸ್.ಓ. 3200ರಲ್ಲಿ ಕೆಲಸ ಕೊಡುತ್ತದೆ. ಇದು ಮೂರನೆಯ ಖರ್ಚು. ಹಿನ್ನೆಲೆಯ ಕರಿಯ ಪರದೆ ಕ್ಯಾಮರಾವನ್ನು ಮೋಸಗೊಳಿಸಿ ಮುಖವನ್ನು ಬೆಳ್ಳಗೆ ಸುಡುವಂತೆ ಮಾಡುತ್ತದೆ. ಬೆಳಕಿನ ತಿದ್ದುಪಡಿಯನ್ನು ಒಂದು ಮೆಟ್ಟಿಲು ಕಡಿಮೆ ಮಾಡಿ. ಜತಿಯ ನಡುವೆ ಬೆನ್ನಟ್ಟುವುದಕ್ಕಿಂತ, ಅಡವಿನ ಕೊನೆಗೆ ಒಂದು ಕ್ಷಣ ನಿಲ್ಲುತ್ತಾರಲ್ಲ, ಅದಕ್ಕೆ ಕಾಯಬೇಕು. ತಾಳ ಬಲ್ಲ ತಾಯಂದಿರು ಇದರಲ್ಲಿ ಮುಂದು.

ರಂಗಪ್ರವೇಶದಂಥ ಒಂದೇ ಒಂದು ದಿನಕ್ಕೆ 70–200 ಎಫ್ 2.8 ಎಂಬ ಒಂದೂವರೆ ಕಿಲೋ ತೂಕದ, ಸಾವಿರಾರು ಡಾಲರಿನ ಲೆನ್ಸನ್ನು ಕೊಳ್ಳುವ ಅಗತ್ಯವಿಲ್ಲ. ವಾರಾಂತ್ಯಕ್ಕೆ ಬಾಡಿಗೆಗೆ ಕೊಡುವ ಅಂಗಡಿಗಳು ದೊಡ್ಡ ಊರುಗಳಲ್ಲಿವೆ. ಪಾರ್ಸೆಲ್ಲಿನಲ್ಲಿ ಕಳುಹಿಸುವವರೂ ಇದ್ದಾರೆ. ಎರಡು ದಿನ ಮೊದಲೇ ತರಿಸಿ ಕೈಗೆ ರೂಢಿ ಮಾಡಿಕೊಂಡರಾಯಿತು.

ಪೆಟ್ಟಿಗೆ ಬದಲಾಯಿಸುವುದು ಯಾವಾಗ?

ಕ್ಯಾಮರಾದ ಪೆಟ್ಟಿಗೆಗೆ ಕೊನೆಯ ಸ್ಥಾನ. ಮೆಗಾಪಿಕ್ಸೆಲ್ ಹೆಚ್ಚೆಂಬ ಕಾರಣಕ್ಕಂತೂ ಬದಲಾಯಿಸಬೇಡಿ. 24 ಮೆಗಾಪಿಕ್ಸೆಲ್ ಎಂದರೆ 6000 ಅಗಲ, 4000 ಎತ್ತರ ಚುಕ್ಕೆಗಳು. ಅಂಗುಲಕ್ಕೆ 300 ಚುಕ್ಕೆಯ ಲೆಕ್ಕದಲ್ಲಿ ಮುದ್ರಿಸಿದರೂ 20 ಅಂಗುಲ ಅಗಲದ ಚಿತ್ರ ಬರುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಅಷ್ಟು ದೊಡ್ಡ ಚಿತ್ರ ಗೋಡೆಯ ಮೇಲಿದೆ? ಹಳೆಯ 12 ಮೆಗಾಪಿಕ್ಸೆಲ್ಲಿನ ಕ್ಯಾಮರಾ ಕೂಡ 13 ಅಂಗುಲದ ಚಿತ್ರಕ್ಕೆ ಸಾಕು.

ಬದಲಾಯಿಸಲು ಸರಿಯಾದ ಕಾರಣಗಳು ಎರಡು. ಒಳ್ಳೆಯ ಲೆನ್ಸಿದ್ದೂ ಐ.ಎಸ್.ಓ. ಏರಿಸಿದಾಗ ಚಿತ್ರವೆಲ್ಲ ರವೆ ಚೆಲ್ಲಿದಂತೆ ಕಾಣುವುದು ಒಂದು. ಓಡಾಡುವ ಮಗುವಿನ ಮೇಲೆ ಫೋಕಸ್ ನಿಲ್ಲದಿರುವುದು ಇನ್ನೊಂದು. ಇತ್ತೀಚಿನ ಕನ್ನಡಿರಹಿತ ಕ್ಯಾಮರಾಗಳು ಕಣ್ಣನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ಮಕ್ಕಳಿರುವ ಮನೆಗೆ ಅದು ನಿಜವಾದ ಅನುಕೂಲ. ಆಗಲೂ ಹಳೆಯ ಲೆನ್ಸುಗಳು ಹೊಸದಕ್ಕೆ ಕೂರುತ್ತವೆಯೇ ಎಂದು ಮೊದಲು ನೋಡಿಕೊಳ್ಳಿ.

ಊರಿಗೆ ಹೋಗುವಾಗ

ಇಲ್ಲಿನ ಚಳಿಗಾಲದಲ್ಲಿ ಹಿಮದಲ್ಲಿ ಆಡಿ ಬೆಚ್ಚನೆಯ ಮನೆಗೆ ಬಂದೊಡನೆ ಕ್ಯಾಮರಾ ಬೆವರುತ್ತದೆ. ಹೊರಗಿರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ ಒಳಗೆ ತನ್ನಿ. ಒಂದೆರಡು ಗಂಟೆ ಬಿಟ್ಟು ತೆರೆಯಿರಿ. ಮಲೆನಾಡಿಗೋ ಕರಾವಳಿಗೋ ಮಳೆಗಾಲದಲ್ಲಿ ಹೋಗುವವರಿಗೆ ಬೂಷ್ಟಿನ ಭಯವಿದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ, ಬೀರುವಿನ ಕತ್ತಲಲ್ಲಿ ತಿಂಗಳುಗಟ್ಟಲೆ ಬಿಡಬೇಡಿ.

ಇನ್ನೊಂದು ವ್ಯತ್ಯಾಸ ಹಲವರ ಗಮನಕ್ಕೆ ಬರುವುದಿಲ್ಲ. ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು, ಭಾರತದ್ದು 50. ಟ್ಯೂಬ್‌ಲೈಟು ಮತ್ತು ಕೆಲವು ಎಲ್.ಇ.ಡಿ. ದೀಪಗಳು ಇದರ ಇಮ್ಮಡಿ ವೇಗದಲ್ಲಿ ಮಿನುಗುತ್ತಿರುತ್ತವೆ. ಅದರಿಂದ ಚಿತ್ರದಲ್ಲಿ ಪಟ್ಟೆ ಮೂಡಿದರೆ, ಇಲ್ಲಿ ಷಟರನ್ನು 1/60 ಅಥವಾ 1/125ಕ್ಕೆ, ಊರಿನ ಮದುವೆ ಛತ್ರದಲ್ಲಿ 1/50 ಅಥವಾ 1/100ಕ್ಕೆ ಇಟ್ಟುಕೊಳ್ಳಿ.

ಕೊನೆಯ ಖರ್ಚು, ಎಲ್ಲರಿಗೂ

ಅಗ್ಫಾ ಕ್ಲಿಕ್ ಕ್ಯಾಮರಾ ನೆನಪಿರುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಒಂದು ರೋಲಿಗೆ 12 ಚಿತ್ರ. ಅಷ್ಟನ್ನೂ ತೊಳೆಸಿ, ಕಪ್ಪು ಹಾಳೆಯ ಆಲ್ಬಮ್ಮಿಗೆ ಮೂಲೆ ಅಂಟಿಸಿ ಇಡುತ್ತಿದ್ದರು. ಆ ಆಲ್ಬಮ್ಮುಗಳು ಊರಿನ ಮನೆಗಳ ಟ್ರಂಕಿನಲ್ಲಿ ಇಂದಿಗೂ ಸಿಗುತ್ತವೆ. ಈಗ ಒಂದು ಹುಟ್ಟುಹಬ್ಬಕ್ಕೆ ನಾನೂರು ಚಿತ್ರ ತೆಗೆದು ಒಂದನ್ನೂ ಮುದ್ರಿಸುವುದಿಲ್ಲ. ಡಿಸ್ಕು ಕೆಟ್ಟರೆ ಎಲ್ಲವೂ ಹೋಯಿತು. ಎರಡು ಪ್ರತಿ ಇಡಿ, ಒಂದು ಮನೆಯಿಂದ ಹೊರಗೆ ಇರಲಿ. ಮೂರು ತಿಂಗಳಿಗೊಮ್ಮೆ ಹನ್ನೆರಡೇ ಹನ್ನೆರಡು ಆರಿಸಿ ಒಳ್ಳೆಯ ಕಾಗದದ ಮೇಲೆ ಮುದ್ರಿಸಿ. ಬೆನ್ನಿಗೆ ಪೆನ್ಸಿಲಿನಲ್ಲಿ ಮೃದುವಾಗಿ ಊರು, ತಾರೀಕು, ಹೆಸರು ಬರೆಯಿರಿ. “ಅಜ್ಜಿ” ಎಂದು ಬರೆದರೆ ಸಾಲದು, ಪೂರ್ತಿ ಹೆಸರು ಬರೆಯಿರಿ. ಇಲ್ಲಿ ಹುಟ್ಟಿದ ಮಕ್ಕಳಲ್ಲಿ ಎಷ್ಟು ಮಂದಿಗೆ ಮುತ್ತಜ್ಜಿಯ ಹೆಸರು ಗೊತ್ತು, ಕೇಳಿ ನೋಡಿ. ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಊರಿಗೆ ಕಳುಹಿಸಿ. ಫೋನಿನ ಪರದೆಯನ್ನು ಕಣ್ಣು ಕಿರಿದಾಗಿಸಿ ನೋಡುವ ಹಿರಿಯರು ಕಾಗದದ ಚಿತ್ರವನ್ನು ಬಂದವರಿಗೆಲ್ಲ ತೋರಿಸುತ್ತಾರೆ.

ಇನ್ನೊಂದು ಮಾತು. ಕ್ಯಾಮರಾ ಹಿಡಿದವರು ಚಿತ್ರದಲ್ಲಿ ಇರುವುದಿಲ್ಲ. ಎಷ್ಟೋ ಮನೆಗಳ ಆಲ್ಬಮ್ಮಿನಲ್ಲಿ ಅಪ್ಪನೋ ಅಮ್ಮನೋ ಹತ್ತು ವರ್ಷ ಕಾಣಿಸುವುದೇ ಇಲ್ಲ. ಮನೆಯ ಇನ್ನೊಬ್ಬರಿಗೆ, ಎಂಟು ವರ್ಷ ದಾಟಿದ ಮಕ್ಕಳಿಗೂ, ಕ್ಯಾಮರಾ ಹಿಡಿಯುವುದನ್ನು ಕಲಿಸಿ. ಎಫ್ 2.8, ಐ.ಎಸ್.ಓ. ತಾನೇ ಹೊಂದಿಕೊಳ್ಳುವಂತೆ ಇಟ್ಟು ಕೈಗೆ ಕೊಟ್ಟರೆ ಸಾಕು.

ಒಟ್ಟಿನಲ್ಲಿ ಕ್ರಮ ಇಷ್ಟು: ಮೊದಲು ಎಫ್ 1.8ರ ಒಂದು ಲೆನ್ಸು, ಆಮೇಲೆ ಚಾವಣಿಗೆ ತಿರುಗುವ ಫ್ಲಾಷು, ಆಮೇಲೆ ಬೇಕಿದ್ದರೆ ದೂರದ ಜೂಮು, ಎಲ್ಲಕ್ಕೂ ಕೊನೆಗೆ ಹೊಸ ಕ್ಯಾಮರಾ. ಮುದ್ರಣದ ಖರ್ಚು ಮೊದಲಿನಿಂದಲೂ ಜೊತೆಗಿರಲಿ. ಊರಿನಿಂದ ಹಿರಿಯರು ಬರುವ ತಾರೀಕು ಗೊತ್ತಾಗಿದ್ದರೆ ಲೆನ್ಸನ್ನು ಒಂದು ತಿಂಗಳು ಮೊದಲೇ ತರಿಸಿಕೊಂಡು ಮನೆಯ ಮಕ್ಕಳ ಮೇಲೆ ಅಭ್ಯಾಸ ಮಾಡಿ. ಅವರು ಬಂದಿಳಿದ ದಿನ ಸಂಜೆ, ಪ್ರಯಾಣದ ಆಯಾಸದಲ್ಲೂ ಮೊಮ್ಮಕ್ಕಳನ್ನು ಕಂಡು ನಗುವ ಆ ಹೊತ್ತಿಗೆ ನಿಮ್ಮ ಕೈ ಪಳಗಿರಲಿ.